ಕೊಲೆಟ್ ಚಕ್ಕಿಗೆ ಎಂಡ್ ಮಿಲ್ ಕಟ್ಟುವುದು ಹೇಗೆ?

ಡ್ರಿಲ್ ಚಕ್ಕಿಗೆ ಎಂಡ್ ಮಿಲ್ (ಪಕ್ಕದ ಹಲ್ಲಿನಿಂದಲೂ ಲೋಹ ಕೊರೆಯುವ ಟೂಲ್) ಕಟ್ಟುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಕಾಫಿ ಕೊಯ್ಲಿಗೆ ಮುಂಚೆ ಕುಶಾಲನಗರದ ನಮ್ಮ ಶೆಡ್ಡಿಗೆ ಪಲ್ಪರಿನ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರದ) ಶಾಫ್ಟುಗಳು ಬರುತ್ತವೆ. ಕೆಲವು ಬೇರೆ ಕಡೆ ಹೀಗೆ ಕಟ್ಟಿ ಕೊರೆದು ಕೆಟ್ಟು ಬಂದವು. 8 ಎಂಎಂ ಕೀವೇ (ಕೀ ಕೂರುವ ತೋಡು) ಅಗಲವಾಗಿ ಹೋಗಿ, ಕೀ ಗಡಗಡ ಅಲ್ಲಾಡುತ್ತಿರುತ್ತದೆ. ಡ್ರಿಲ್ ಚಕ್ ಇರುವುದು ಕೆಳಕ್ಕೆ ಒತ್ತುವ ಕೆಲಸಕ್ಕೆ. ಪಕ್ಕದಿಂದ ಬೀಳುವ ಲೋಡನ್ನು ಅದು ತಡೆಯುವುದಿಲ್ಲ. ಅದರ ಮೂರು ಜಾ (ದವಡೆ) ಮೂರೇ ಗೆರೆಯಲ್ಲಿ ಹಿಡಿಯುತ್ತವೆ, ಕೊಲೆಟ್ ಅಂದರೆ ಸೀಳು ಹಾಕಿದ ಸ್ಟೀಲ್ ಕೊಳವೆ, ಅದು ಟೂಲನ್ನು ಸುತ್ತಲೂ ಹಿಡಿಯುತ್ತದೆ.

ಸಣ್ಣ ಮಿಲ್ಲಿಂಗ್ ಮಷೀನಿಗೆ ಇಆರ್ 32 ಅಳತೆಯ ಕೊಲೆಟ್ ಚಕ್ ಸಾಕು. 20 ಎಂಎಂ ಶ್ಯಾಂಕಿನವರೆಗೂ (ಟೂಲಿನ ಹಲ್ಲಿಲ್ಲದ ಹಿಡಿ ಭಾಗ) ಹಿಡಿಯುತ್ತದೆ. ಚಕ್ಕಿನ ಹಿಂಭಾಗ ಮಾತ್ರ ನಿಮ್ಮ ಸ್ಪಿಂಡಲ್ಲಿಗೆ (ಮಷೀನಿನ ತಿರುಗುವ ದಂಡ) ಹೊಂದಬೇಕು: ಎಂಟಿ3, ಆರ್8, ಬಿಟಿ40 ಅಂತ ನಮೂನೆಗಳಿವೆ, ಯಾವುದೋ ನೋಡಿಕೊಂಡು ತನ್ನಿ. ಎಂಟಿ ಟೇಪರ್ (ತುದಿಗೆ ಸಪೂರಾಗುವ ಹಿಂಭಾಗ) ಆದರೆ ಹಿಂದಿನಿಂದ ಡ್ರಾಬಾರ್ (ಚಕ್ಕನ್ನು ಸ್ಪಿಂಡಲ್ ಒಳಗೆ ಎಳೆದು ಹಿಡಿಯುವ ಉದ್ದ ಬೋಲ್ಟ್) ಬಿಗಿಯಲೇಬೇಕು. ಇಲ್ಲದಿದ್ದರೆ ಅದುರಿ ಅದುರಿ ಚಕ್ಕೇ ಕಳಚಿ ಬೀಳುತ್ತದೆ.

ಈಗ ಕಟ್ಟುವ ಕ್ರಮ. ಕೊಲೆಟನ್ನು ಮೊದಲು ನಟ್ಟಿಗೆ ಕೂರಿಸಿ. ಸೀದಾ ಚಕ್ಕಿನೊಳಗೆ ಹಾಕಿ ಮೇಲಿಂದ ನಟ್ ತಿರುಗಿಸುವವರೇ ಜಾಸ್ತಿ, ಅದು ತಪ್ಪು. ನಟ್ಟಿನ ಒಳಗೆ ಬೆರಳಾಡಿಸಿ ನೋಡಿ. ಒಂದು ರಿಂಗ್ ಸಿಗುತ್ತದೆ, ನಡುವಿಗಿಲ್ಲ, ಒಂದು ಪಕ್ಕಕ್ಕೆ ಸರಿದಿರುತ್ತದೆ. ಕೊಲೆಟಿನ ಮೂತಿಯ ಹತ್ತಿರ ಸುತ್ತಲೂ ಒಂದು ತೋಡು ಇದೆಯಲ್ವಾ? ಕೊಲೆಟನ್ನು ಓರೆ ಹಿಡಿದು, ರಿಂಗಿನ ಉಬ್ಬಿದ ಕಡೆಗೆ ಆ ತೋಡು ಸಿಕ್ಕಿಸಿ, ನೆಟ್ಟಗೆ ಒತ್ತಿ. ಟಕ್ ಅಂತ ಕೂರುತ್ತದೆ. ನಟ್ ಬಿಚ್ಚುವಾಗ ಕೊಲೆಟನ್ನು ಹೊರಗೆ ಎಳೆಯುವುದು ಆ ರಿಂಗೇ. ಅದಕ್ಕೆ ಸಿಕ್ಕಿಸದೆ ಬಿಗಿದರೆ ಕೊಲೆಟ್ ಓರೆ ಕೂರುತ್ತದೆ, ಟೂಲ್ ಔಟ್ ಹೊಡೆಯುತ್ತದೆ, ಅಂದರೆ ನಡುವಿಗೆ ತಿರುಗದೆ ಓಲಾಡುತ್ತದೆ. ಬಿಚ್ಚುವಾಗ ಕೊಲೆಟ್ ಒಳಗೇ ಕಚ್ಚಿಕೊಂಡಿರುತ್ತದೆ. ಆಮೇಲೆ ಸುತ್ತಿಗೆ ಹುಡುಕಬೇಕು.

ಕೊಲೆಟ್ ಕೂತ ಮೇಲೆ ನಟ್ಟನ್ನು ಚಕ್ಕಿಗೆ ಸಡಿಲವಾಗಿ ತಿರುಗಿಸಿ, ಟೂಲ್ ಹಾಕಿ, ಆಮೇಲೆ ಬಿಗಿಯಿರಿ. ಕೊಲೆಟಿನ ಉದ್ದದ ಮೂರರಲ್ಲಿ ಎರಡು ಭಾಗವಾದರೂ ಶ್ಯಾಂಕ್ ಒಳಗಿರಲಿ, ಹಲ್ಲಿನ ಭಾಗ ಬೇಡ. 10ರ ಕೊಲೆಟ್ 9ರಿಂದ 10 ಎಂಎಂವರೆಗೆ ಹಿಡಿಯುತ್ತದೆ. 10.2 ಇದ್ದರೆ 11ರದ್ದು ತಗೊಳ್ಳಿ, ಸುಮ್ನೆ ತುರುಕಬೇಡಿ. ಟೂಲ್ ಇಲ್ಲದೆ ನಟ್ ಬಿಗಿಯಲೂ ಬೇಡಿ, ಕೊಲೆಟ್ ಜಜ್ಜಿಹೋಗುತ್ತದೆ. ಸ್ಪ್ಯಾನರಿಗೆ ಪೈಪ್ ತೊಡಿಸಿ ಎಳೆಯುವುದಂತೂ ಬೇಡವೇ ಬೇಡ.

ಶ್ಯಾಂಕಿಗೆ ಡಯಲ್ ಇಂಡಿಕೇಟರ್ (ಓಲಾಟ ಅಳೆಯುವ ಮುಳ್ಳಿನ ಗೇಜ್) ಇಟ್ಟು ಸ್ಪಿಂಡಲನ್ನು ಕೈಯಲ್ಲಿ ತಿರುಗಿಸಿ. ಮುಳ್ಳು 0.02 ಎಂಎಂಗಿಂತ ಜಾಸ್ತಿ ಓಡಿದರೆ ಬಿಚ್ಚಿ ಒರೆಸಿ. ಹತ್ತರಲ್ಲಿ ಒಂಬತ್ತು ಸಲ ಕೊಲೆಟಿನ ಸೀಳಿನಲ್ಲಿ ಚಿಪ್ಸ್ ಕೂತಿರುತ್ತದೆ. ಹಳೇ ಟೂತ್‌ಬ್ರಶ್, ಸ್ವಲ್ಪ ಸೀಮೆಎಣ್ಣೆ ಸಾಕು. ಕಟ್ಟುವಾಗ ಟೇಪರ್ ಒಣಗಿರಲಿ, ಎಣ್ಣೆ ಇದ್ದರೆ ಹಿಡಿತ ಜಾರುತ್ತದೆ. ದೊಡ್ಡ ಎಂಡ್ ಮಿಲ್ಲಿನಲ್ಲಿ ದಪ್ಪ ಕಟ್ ತೆಗೆಯುವಾಗ ಟೂಲ್ ನಿಧಾನಕ್ಕೆ ಕೆಳಗೆ ಇಳಿದುಬರುವುದೂ ಉಂಟು. ಅಂಥ ಕೆಲಸಕ್ಕೆ ಪಕ್ಕದಲ್ಲಿ ಸ್ಕ್ರೂ ಇರುವ ಹೋಲ್ಡರ್ ವಾಸಿ. ಸ್ಕ್ರೂ ಕೂರಲು ಶ್ಯಾಂಕಿನಲ್ಲಿ ಚಪ್ಪಟೆ ಜಾಗ ಇರಬೇಕು, ಅಷ್ಟೆ.

ನಮ್ಮೂರಿನ ನಿಜವಾದ ತಲೆನೋವು ಜೂನ್‌ನಿಂದ ಶುರುವಾಗುತ್ತದೆ. ಮಡಿಕೇರಿ ಕಡೆಯವರಿಗಂತೂ ಕೇಳುವುದೇ ಬೇಡ. ಮರದ ಡಬ್ಬಿ, ಸ್ಪಂಜು ಎರಡೂ ತೇವ ಹೀರಿ ಕೊಲೆಟಿಗೆ ತುಕ್ಕು ಹಿಡಿಸುತ್ತವೆ. ಎಣ್ಣೆ ಸವರಿ ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ. ಸಿಲಿಕಾ ಜೆಲ್ ಪೊಟ್ಟಣವನ್ನೂ ಹಾಕಿ. ಟೇಪರಿನಲ್ಲಿ ತುಕ್ಕಿನ ಗುಳಿ ಬಿದ್ದ ಕೊಲೆಟನ್ನು ಎಮರಿ ಹಾಕಿ ಉಜ್ಜಲು ಹೋಗಬೇಡಿ. ಅದನ್ನು ಬೇರೆ ಎತ್ತಿಟ್ಟು ಒರಟು ಡ್ರಿಲ್ಲಿಂಗಿಗೆ ಮಾತ್ರ ಬಳಸಿ.