‘ನೇ’ ಅಕ್ಷರಕ್ಕೊಂದು ಗಂಡು ಹೆಸರು: ನನ್ನ ಅನುಭವ

ಮಗನ ಜನನ ಪ್ರಮಾಣಪತ್ರ ಕೈಗೆ ಬಂದು ಮೂರು ತಿಂಗಳಾಯಿತು. ನಾವು ಬಾಯಲ್ಲಿ ಕರೆಯುವ ಹೆಸರೇ ಅದರಲ್ಲೂ ಉಂಟು. ಒಂದಕ್ಷರ ಆಚೀಚೆ ಆಗಿಲ್ಲ. ಹುಟ್ಟಿದ ನಕ್ಷತ್ರದ ಅಕ್ಷರ ‘ನೇ’ಯಿಂದಲೇ ಶುರುವಾಗುವ, ಯಾವ ಲಿಪಿಯಲ್ಲೂ ಕೆಡದ ಹೆಸರು ಬೇಕು ಅಂತ ಹಠ ಹಿಡಿದಿದ್ದೆ. “ಇದೆಲ್ಲ ಆಗುವ ಕೆಲಸ ಅಲ್ಲ ಮಾರಾಯ, ಸುಮ್ನೆ ಒಂದು ಹೆಸರಿಡು” ಎಂದಿದ್ದವರೇ ಈಗ ಫೋನ್ ಮಾಡಿ ಹೇಗೆ ಮಾಡಿದ್ದು ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಮನೆಯಲ್ಲಿ ಕನ್ನಡ, ತೋಟದಲ್ಲಿ ತುಳು, ಪೇಟೆಯಲ್ಲಿ ಮಲಯಾಳ, ಕಾಗದದಲ್ಲಿ ಇಂಗ್ಲಿಷ್. ಕಾಸರಗೋಡಿನಲ್ಲಿ ಮಗುವಿಗೆ ಹೆಸರಿಟ್ಟವರಿಗೆ ಇದರ ಕಷ್ಟ ಗೊತ್ತು. 1956ರಲ್ಲಿ ಈ ಊರು ಕೇರಳಕ್ಕೆ ಸೇರಿದ ಮೇಲೆ ನಮ್ಮ ಹೆಸರುಗಳೂ ಬೇರೆ ಲಿಪಿಗೆ ದಾಟಬೇಕಾಯಿತು. ಅಪ್ಪನ ಹೆಸರಿಗೆ ರೇಷನ್ ಕಾರ್ಡಿನಲ್ಲಿ ಕೊನೆಗೊಂದು ‘ನ್’ ಅಂಟಿತ್ತು. ಗೋಪಾಲ ಗೋಪಾಲನ್ ಆದ ಹಾಗೆ. ಅವರು ಅದನ್ನು ಬಿಟ್ಟುಬಿಟ್ಟರು. ನನಗೆ ಬಿಡಲಿಕ್ಕೆ ಆಗಲಿಲ್ಲ.

ಯಾಕೆಂದರೆ ಮಗಳ ವಿಷಯದಲ್ಲಿ ನಾನೇ ಪೆಟ್ಟು ತಿಂದಿದ್ದೆ. ಅವಳಿಗೆ ಇಳಾ ಅಂತ ಇಟ್ಟೆವು, ಭೂಮಿ ಅಂತ ಅರ್ಥ. ಫಾರ್ಮಿನಲ್ಲಿ ಇಂಗ್ಲಿಷ್ ಮಾತ್ರ ತುಂಬಿ ಕೊಟ್ಟೆ. ಅದನ್ನು ನೋಡಿ ಮಲಯಾಳದಲ್ಲಿ ಟೈಪ್ ಹೊಡೆದವರು ‘ಇಲ’ ಅಂತ ಹೊಡೆದರು. ಮಲಯಾಳದಲ್ಲಿ ಇಲ ಅಂದರೆ ಎಲೆ! ತಿದ್ದಿಸಲಿಕ್ಕೆ ಐದು ಸಲ ಹೋದೆ. ಛಾಪಾಕಾಗದ, ನೋಟರಿ, ಜೆರಾಕ್ಸ್, ಆಟೋ, ಎರಡು ದಿನದ ಕೆಲಸ ಎಲ್ಲ ಸೇರಿ ಮೂರೂವರೆ ಸಾವಿರದ ಹತ್ತಿರ ಹೋಗಿರಬೇಕು. ಎರಡನೆಯದಕ್ಕೆ ಹೀಗಾಗಬಾರದು ಅಂತ ಅವತ್ತೇ ನಿಶ್ಚಯ ಮಾಡಿದೆ.

ಮಗ ಹುಟ್ಟಿದ್ದು ಜೂನಿನ ಜಡಿಮಳೆಯಲ್ಲಿ, ಒಂದು ಭಾನುವಾರ. ಅನೂರಾಧಾ ನಕ್ಷತ್ರ, ನಾಲ್ಕನೇ ಪಾದ. ಈ ನಕ್ಷತ್ರದ ನಾಲ್ಕು ಪಾದಕ್ಕೆ ಹೇಳಿದ ನಾ, ನೀ, ನೂ, ನೇ ನಾಲ್ಕರಲ್ಲಿ ನಮಗೆ ಬಂದದ್ದು ಕೊನೆಯ ‘ನೇ’. ಹುಡುಕಿದವರಿಗೆ ಗೊತ್ತು, ‘ನೇ’ಯಲ್ಲಿ ಗಂಡು ಹೆಸರು ಬೆರಳೆಣಿಕೆಗೂ ಸಿಗುವುದಿಲ್ಲ. ನೇಮಿರಾಜ ಚಂದ, ಆದರೆ ಮಾವನ ಕಡೆ ಆಗಲೇ ಒಬ್ಬ ಇದ್ದಾನೆ. ಮಾವ, “ನೇ ಬಿಡಿ, ನೀ ಹಿಡಿಯಿರಿ, ಬೇಕಾದಷ್ಟು ಹೆಸರುಂಟು” ಎಂದರು. ನಾನು ಒಪ್ಪಲಿಲ್ಲ.

ಆದರೆ ದುಡ್ಡು ದಂಡವಾದದ್ದು ಇಲ್ಲೇ. ಮೊಬೈಲಿನ ಹೆಸರಿನ ಆ್ಯಪಿಗೆ ಇನ್ನೂರು ಚಿಲ್ಲರೆ. ಸಂಖ್ಯಾಶಾಸ್ತ್ರ ನೋಡುವವರೊಬ್ಬರಿಗೆ ಸಾವಿರದೈನೂರು. ಅವರು ಕೊಟ್ಟ ಆರು ಹೆಸರಿನಲ್ಲಿ ಐದು ‘ನಿ’ಯಿಂದ ಶುರುವಾಗುತ್ತಿದ್ದವು. ಉಳಿದದ್ದು ನೇಹಾಂತ್. ಕೇಳಲಿಕ್ಕೆ ಹೊಸದು ಅಂತ ತೊಟ್ಟಿಲಿನ ಶಾಸ್ತ್ರದ ಆಮಂತ್ರಣ ಕಾಗದವನ್ನೂ ಪ್ರಿಂಟ್ ಹಾಕಿಸಿದೆ, ನೂರಿಪ್ಪತ್ತು ಪ್ರತಿ. ರಾತ್ರಿ ಹೆಂಡತಿ ಕೇಳಿದಳು, “ಅರ್ಥ ಎಂತ?” ನಿಘಂಟು ತೆಗೆದೆ. ಎಲ್ಲೂ ಇಲ್ಲ. ನಾಳೆ ಮಗ ಕೇಳಿದರೆ ಹೇಳುವುದೇನು? ಕಾಗದದ ಕಟ್ಟು ಹಾಗೇ ಅಟ್ಟಕ್ಕೆ ಹೋಯಿತು. ಎರಡು ಸಾವಿರದ ಮೇಲೆ ನಷ್ಟ.

ಆಗ ಹಿಡಿದದ್ದು ಬೇರೆ ದಾರಿ. ಜನನವನ್ನು 21 ದಿನದೊಳಗೆ ದಾಖಲು ಮಾಡಿಸಲೇಬೇಕು, ಆದರೆ ಹೆಸರಿನ ಜಾಗ ಖಾಲಿ ಬಿಡಬಹುದು. ಹೆಸರು ಸೇರಿಸಲಿಕ್ಕೆ ಒಂದು ವರ್ಷದವರೆಗೆ ದಂಡ ಇಲ್ಲ. ತೊಟ್ಟಿಲಿನ ದಿನ ಕಿವಿಯಲ್ಲಿ ಅಜ್ಜನ ಹೆಸರು ಹೇಳಿ ಶಾಸ್ತ್ರ ಮುಗಿಸಿದೆವು. “ಮಗುವಿಗೆ ಹೆಸರೇ ಇಲ್ವಾ?” ಅಂತ ಬಂದವರೆಲ್ಲ ಕೇಳಿದರು. ಭಾವನಂತೂ ಊಟದ ಪಂಕ್ತಿಯಲ್ಲೇ, “ಹೆಸರಿಡಲಿಕ್ಕೂ ಒಂದು ವರ್ಷ ಬೇಕಾ?” ಎಂದ. ಹೌದು, ಬೇಕು. ಬಾಳಿಗಿಡೀ ಇರುವ ವಸ್ತು ಅಲ್ವಾ ಅದು!

ಮೊದಲು ಪೆಟ್ಟಿಗೆಯಲ್ಲಿದ್ದ ಹಳೆಯ ಜಾಗದ ಪತ್ರಗಳನ್ನು ತೆಗೆದೆ. ಅಂಚು ಗೆದ್ದಲು ತಿಂದಿತ್ತು, ಶಾಯಿ ಕಂದಾಗಿತ್ತು. ಆದರೆ ಎಂಥೆಂಥ ಹೆಸರುಗಳು! ಐತಪ್ಪ, ದೂಮಪ್ಪ, ಸಂಕಪ್ಪ, ಬಟ್ಯಪ್ಪ, ಕಿಞ್ಞಣ್ಣ. ಆ ‘ಞ’ ನೋಡಿ. ಬೇರೆ ಕಡೆ ಮಕ್ಕಳು ಅದನ್ನು ಕಾಗುಣಿತಕ್ಕೆ ಮಾತ್ರ ಕಲಿಯುತ್ತಾರೆ. ನಮ್ಮಲ್ಲಿ ಅದು ಮನುಷ್ಯರ ಹೆಸರಿನಲ್ಲೇ ಉಂಟು. ನಮ್ಮ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಆ ಅಕ್ಷರವನ್ನು ಹೆಸರಿನಲ್ಲಿ ಇಟ್ಟುಕೊಂಡೇ ನೂರು ವರ್ಷ ಬದುಕಿದರು.

ನೆರೆಮನೆಯ ಅಜ್ಜಿ ಜಗಲಿಯಲ್ಲಿ ಕುಳಿತು ಕೇಳುತ್ತಿದ್ದರು. “ಮಗು ಹುಟ್ಟಿದ್ದು ಐತಾರ ಅಲ್ವಾ? ಹಾಗಾದರೆ ಅವ ಐತನೇ” ಎಂದರು. ತುಳುವಿನ ಹಳೆ ಕ್ರಮ ಅದು. ಭಾನುವಾರ ಹುಟ್ಟಿದವ ಐತ, ಮಂಗಳವಾರದವ ಅಂಗಾರ, ಶುಕ್ರವಾರದವ ತುಕ್ರ, ಶನಿವಾರದವ ತನಿಯ. ಐತ ಅಂತಲೇ ಇಡೋಣ ಅನ್ನಿಸಿತು. ಆದರೆ ‘ನೇ’ ಬೇಕಲ್ಲ.

ಒಂದು ವಾರ ಕಳೆದಿರಬೇಕು. ಅಡಿಗೆಮನೆಯಲ್ಲಿ ಚಾ ಕುಡಿಯುತ್ತಾ ಗೋಡೆಯ ಮಲಯಾಳ ಕ್ಯಾಲೆಂಡರ್ ನೋಡುತ್ತಿದ್ದೆ. ಭಾನುವಾರದ ಮನೆಯಲ್ಲಿ ಕೆಂಪಕ್ಷರದಲ್ಲಿ ‘ಞಾಯರ್’. ಎಷ್ಟು ವರ್ಷದಿಂದ ಓದುತ್ತಿದ್ದೇನೆ! ಞಾಯರ್ ಅಂದರೆ ಸೂರ್ಯ. ತಮಿಳಿನ ಞಾಯಿರು ಅದೇ. ಹಳಗನ್ನಡದಲ್ಲಿ ಅದೇ ಬೇರಿನ ಮಾತು ನೇಸರ್! ಸೂರ್ಯನೂ ಬಂತು, ಭಾನುವಾರವೂ ಬಂತು, ‘ನೇ’ಯೂ ಬಂತು. ಗ್ಲಾಸ್ ಕೆಳಗಿಟ್ಟು ಹೆಂಡತಿಯನ್ನು ಕೂಗಿದೆ. ನಮ್ಮ ಸುತ್ತಿನಲ್ಲಿ ಆ ಹೆಸರಿನವರು ಒಬ್ಬರೂ ಇಲ್ಲ. ಈ ಗಂಟು ಹಾಕಿದ್ದು ನಾನೇ ಅಂತ ಹೇಳಲಿಕ್ಕೆ ನನಗೆ ಸಂಕೋಚ ಇಲ್ಲ.

ಇನ್ನು ಪರೀಕ್ಷೆ. ಮೊದಲನೆಯದು ಕೂಗಿ ನೋಡುವುದು. ತೋಟದ ಕೆಳಗಿನ ತೋಡಿನ ಬದಿಯಲ್ಲಿ ಮೊಬೈಲಿನ ರೆಕಾರ್ಡರ್ ಹಾಕಿಟ್ಟೆ. ಮೇಲೆ ಅಂಗಳದಿಂದ ಏಳೆಂಟು ಹೆಸರು ಕೂಗಿದೆ. ನಲುವತ್ತು ಐವತ್ತು ಮೀಟರ್ ಇರಬಹುದು, ಮಳೆ ಬರುತ್ತಿತ್ತು. ನಿಹಾಲ್, ನಿತಿನ್ ಮಳೆಗೆ ಕರಗಿದವು. “ನೇಸರಾ” ಸ್ಪಷ್ಟ ಕೇಳಿತು. ಮೊದಲಲ್ಲೂ ಕೊನೆಯಲ್ಲೂ ಸ್ವರ ಎಳೆದರೆ ದನಿ ದೂರ ಹೋಗುತ್ತದೆ. ಅದೇ ಬಿಸಿಯಲ್ಲಿ, ‘ನೇ’ ಅಲ್ಲದಿದ್ದರೂ, ಯಕ್ಷಗಾನದ ಪಾತ್ರಗಳ ಹೆಸರುಗಳನ್ನೂ ಕೂಗಿದೆ. ಸುಧನ್ವ ಚೆನ್ನಾಗಿ ಬಂತು. ತಾಮ್ರಧ್ವಜ ಕೂಗಲಿಕ್ಕೆ ಭಾರೀ ಗಾಂಭೀರ್ಯ, ಆದರೆ ಮಗಳ ನಾಲಿಗೆ ಹೊರಳಲಿಲ್ಲ. ವತ್ಸ ಅಂತ ಒಂದು ಇತ್ತು. ಮಲಯಾಳದವರು ಅದನ್ನು ‘ವಲ್ಸ’ ಅನ್ನುತ್ತಾರೆ, ಉತ್ಸವವನ್ನು ಉಲ್ಸವ ಅನ್ನುವ ಹಾಗೆ. ಅದನ್ನೂ ಬಿಟ್ಟೆ.

ಎರಡನೆಯದು ಚೀಟಿ. ಒಂದು ಚೀಟಿಯಲ್ಲಿ ಮಲಯಾಳ, ಇನ್ನೊಂದರಲ್ಲಿ ಇಂಗ್ಲಿಷ್. ಏನೂ ವಿವರ ಹೇಳದೆ “ಇದನ್ನು ಓದಿ” ಅಂತ ಹತ್ತು ಹನ್ನೆರಡು ಮಂದಿಗೆ ಕೊಟ್ಟೆ. ಆಟೋ ಓಡಿಸುವ ಇಚ್ಚ (ಅಣ್ಣ), ಅಂಗಡಿಯವರು, ಬಸ್ಸಿನ ಕಂಡಕ್ಟರ್. ‘ನೇಸರ’ ಅಂತ ಬರೆದಾಗ ಮೂವರು ಹುಡುಗಿಯಾ ಅಂತ ಕೇಳಿದರು. ಒಬ್ಬರು ತಾವಾಗಿಯೇ ನೇಸರನ್ ಅಂದರು. ಅಪ್ಪನ ‘ನ್’ ಇಲ್ಲಿಗೂ ಬಂತು! ಅಕಾರ ಇದ್ದರೆ ತಾನೇ ‘ನ್’ ಅಂಟುವುದು? ಅದನ್ನೇ ತೆಗೆದೆ. ಹಳಗನ್ನಡದ ಹಾಗೆ ‘ನೇಸರ್’. ಮಲಯಾಳದಲ್ಲಿ ಅರ್ಧ ರ್ ಬರೆಯಲಿಕ್ಕೆ ಪ್ರತ್ಯೇಕ ಅಕ್ಷರವೇ ಉಂಟು, ಞಾಯರ್‌ನ ಕೊನೆಗೆ ಬರುವುದೂ ಅದೇ. ಅದನ್ನು ಹಾಕಿದ ಮೇಲೆ ಯಾರೂ ತಪ್ಪಲಿಲ್ಲ.

ಇಂಗ್ಲಿಷ್ ಚೀಟಿಯಲ್ಲಿ ಮಾತ್ರ ತೊಂದರೆ ಉಳಿಯಿತು. ನಾಲ್ವರು ನಾಸರ್ ಅಂತ ಓದಿದರು. ಒಳ್ಳೆಯ ಹೆಸರೇ, ಆದರೆ ನಮ್ಮ ಹುಡುಗನದು ಅದಲ್ಲ. ಇಬ್ಬರು ನೀಸರ್ ಅಂದರು. ಸ್ಪೆಲ್ಲಿಂಗ್ ಐದು ತರ ಬರೆದು ತಿಂಗಳುಗಟ್ಟಲೆ ತಿರುಗಿಸಿದೆ. ಕೊನೆಗೆ ಒಂದಕ್ಷರದ ಉಪಾಯ ಸಿಕ್ಕಿತು. ಅದನ್ನು ಇಲ್ಲಿ ಬರೆಯುವುದಿಲ್ಲ, ಅದು ಮಗನದ್ದು.

ಹತ್ತನೇ ತಿಂಗಳಿನಲ್ಲಿ ಅರ್ಜಿ ಕೊಟ್ಟೆ. ಈ ಸಲ ಮಲಯಾಳದ ಹೆಸರನ್ನು ನಾನೇ ದೊಡ್ಡಕ್ಷರದಲ್ಲಿ ಬರೆದು, ಹೊಡೆಯುವಾಗ ಪಕ್ಕದಲ್ಲೇ ನಿಂತು, ಸೇವ್ ಮಾಡುವ ಮೊದಲು ಸ್ಕ್ರೀನ್ ಓದಿದೆ. ಖರ್ಚು ನೂರು ರೂಪಾಯಿಯೂ ಆಗಲಿಲ್ಲ.

ಮಾವನಿಗೆ ಐತಪ್ಪನಿಂದ ನೇಸರ್‌ವರೆಗಿನ ಕಥೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ನನ್ನ ಅಜ್ಜನ ಹೆಸರೂ ಐತಪ್ಪ” ಎಂದರು. ಮೊನ್ನೆ ಚುಚ್ಚುಮದ್ದಿಗೆ ಹೋದಾಗ ಸಿಸ್ಟರ್ ಕಾರ್ಡ್ ನೋಡಿ “ನೇಸರ್” ಅಂತ ಕರೆದರು. ಅವ ಹೆಂಡತಿಯ ಹೆಗಲಿನಿಂದ ತಲೆ ಎತ್ತಿ ನೋಡಿದ.

ಪಂಕ್ತಿಯಲ್ಲಿ ಮಾತಾಡಿದ ಭಾವನಿಗೆ ಕಳೆದ ವಾರ ಗಂಡುಮಗು. ಆಶ್ಲೇಷಾ ನಾಲ್ಕನೇ ಪಾದ, ಅಕ್ಷರ ‘ಡೋ’. ರಾತ್ರಿ ಹತ್ತು ಗಂಟೆಗೆ ಫೋನ್ ಮಾಡಿದ. ಹೆಸರಿನ ಜಾಗ ಖಾಲಿ ಬಿಡು, ಮನೆಯ ಹಳೆ ಪತ್ರಗಳನ್ನೆಲ್ಲ ತೆಗೆದಿಡು, ಭಾನುವಾರ ಬರುತ್ತೇನೆ ಅಂದಿದ್ದೇನೆ.