ಬ್ಯಾಂಕಾಕಿನಲ್ಲಿ ಅವ್ವನ ಊಟ

ಗಂಗಾವತಿಯಲ್ಲಿ ನಮ್ಮದು ಭತ್ತ ಬೆಳೆಯುವ ಮನೆತನ. ತುಂಗಭದ್ರಾ ಎಡದಂಡೆ ಕಾಲುವೆಯ ಗದ್ದೆ, ಮನೆಯ ಹತ್ತಿರವೇ ಅಕ್ಕಿ ಗಿರಣಿ. ಹಾಗಾಗಿ ಥಾಯ್ಲೆಂಡ್ ಅಂದಾಗ ಊಟದ ಚಿಂತೆ ನನಗೆ ಬರಲೇ ಇಲ್ಲ. ಅವರೂ ಅನ್ನ ಉಣ್ಣುವ ಜನ, ನಾವೂ ಅನ್ನ ಉಣ್ಣುವ ಜನ. ಪ್ಯಾಕೇಜ್ ಮಾಡಿಕೊಟ್ಟವರೂ ‘ಇಂಡಿಯನ್ ಊಟ ಎಲ್ಲಿ ಬೇಕಾದರೂ ಸಿಗುತ್ತದೆ’ ಅಂದಿದ್ದರು. 2024ರ ದಸರಾ ರಜೆ, ಆಗ ನಮ್ಮವರಿಗೆ ವೀಸಾ ಬೇಕಿರಲಿಲ್ಲ, ಬೆಂಗಳೂರಿನಿಂದ ನಾಲ್ಕು ತಾಸಿನ ವಿಮಾನ. ನಾನು, ಹೆಂಡತಿ, ಇಬ್ಬರು ಮಕ್ಕಳು, 68 ವರ್ಷದ ಅವ್ವ ಹೊರಟೆವು.

ಅವ್ವನ ವಿಷಯ ಮೊದಲೇ ಹೇಳಿಬಿಡುತ್ತೇನೆ. ಲಿಂಗಪೂಜೆ ಆಗುವ ತನಕ ಬಾಯಿಗೆ ಹನಿ ನೀರು ಹಾಕುವವಳಲ್ಲ. ಮೊಟ್ಟೆ ಬೇಯಿಸಿದ ಪಾತ್ರೆಯಲ್ಲಿ ಚಹಾ ಕಾಸಿದರೆ ಮುಟ್ಟುವುದಿಲ್ಲ. ಜೊತೆಗೆ ಸಕ್ಕರೆ ಕಾಯಿಲೆ, ಎರಡು ಹೊತ್ತು ಮಾತ್ರೆ.

ಹೊರಡುವ ಮೊದಲು ಐವತ್ತು ಕಟಕ ರೊಟ್ಟಿ ಬಡಿದು ಒಣಗಿಸಿದ್ದಳು. ಶೇಂಗಾ ಹಿಂಡಿ, ಅಗಸಿ ಹಿಂಡಿ ಬೇರೆ, ಹಿಂಡಿ ಅಂದರೆ ನಮ್ಮ ಕಡೆಯ ಚಟ್ನಿಪುಡಿ. ರೊಟ್ಟಿಯನ್ನು ನಾನು ಪಂಚೆಯಲ್ಲಿ ಸುತ್ತಿ ಸೂಟ್‌ಕೇಸಿನ ನಡುವೆ ಇಟ್ಟೆ. ಅದೇ ದೊಡ್ಡ ತಪ್ಪು. ಹೋಟೆಲಿನಲ್ಲಿ ಬಿಚ್ಚಿದರೆ ಒಂದೂ ರೊಟ್ಟಿ ಇಡಿಯಾಗಿ ಉಳಿದಿರಲಿಲ್ಲ. ಅಗಲವಾದ ಸ್ಟೀಲ್ ಡಬ್ಬಿಯಲ್ಲಿ ಅಲ್ಲಾಡದಂತೆ ತುಂಬಿ ಕೈಚೀಲದಲ್ಲೇ ಒಯ್ಯಬೇಕಿತ್ತು. ಅವ್ವ ಮಾತ್ರ ಬೇಸರ ಮಾಡಿಕೊಳ್ಳಲಿಲ್ಲ. ಮುರುಕಿನ ಮೇಲೆ ಬಿಸಿನೀರು ಚಿಮುಕಿಸಿ, ಹಿಂಡಿ ಕಲಸಿ, ನಿಂಬೆಹಣ್ಣು ಹಿಂಡಿ ಎಲ್ಲರಿಗೂ ಒಂದೊಂದು ಹಿಡಿ ಕೊಟ್ಟಳು. ಆ ಪ್ರವಾಸದ ಮೊದಲ ಊಟ ಅದೇ.

ಮರುದಿನ ಬೀದಿ ಬದಿಯಲ್ಲಿ ಒಬ್ಬಾಕೆ ಮಣ್ಣಿನ ಒರಳಲ್ಲಿ ಕಟ್ಟಿಗೆಯ ಒನಕೆಯಿಂದ ಏನನ್ನೋ ಕುಟ್ಟುತ್ತಿದ್ದಳು. ಅವ್ವ ಅಲ್ಲೇ ನಿಂತುಬಿಟ್ಟಳು. ಎಳೆ ಎಳೆಯಾಗಿ ಹೆಚ್ಚಿದ ಪರಂಗಿ ಕಾಯಿ, ಅಲಸಂದಿ ಕಾಯಿ, ಟೊಮೆಟೊ, ಹಸಿಮೆಣಸಿನಕಾಯಿ, ಹುರಿದ ಶೇಂಗಾ, ನಿಂಬೆರಸ. ‘ನಮ್ಮ ಹಿಂಡಿ ಕುಟ್ಟಿದಂಗ ಐತಲ್ಲೋ’ ಅಂದಳು. ‘ನೋ ಮೀಟ್?’ ಅಂತ ಕೇಳಿದೆ. ಆಕೆ ನಗುತ್ತಾ ತಲೆಯಾಡಿಸಿದಳು. ಮಾಂಸ ಇರಲಿಲ್ಲ, ಅದು ನಿಜವೇ. ಎರಡು ತುತ್ತು ತಿಂದಿದ್ದಳು ಅವ್ವ. ಮೂರನೆಯದನ್ನು ಬೆರಳಲ್ಲಿ ಬಿಡಿಸಿ ನೋಡಿದಳು. ಕೆಂಪಗೆ, ಬಾಗಿಕೊಂಡಿದ್ದ, ಉಗುರಿನಷ್ಟೇ ಇದ್ದ ಒಣ ಸೀಗಡಿ. ತಟ್ಟೆ ಕೆಳಗಿಟ್ಟಳು, ಮಾತಾಡಲಿಲ್ಲ.

ಆ ಖಾದ್ಯದ ಹೆಸರು ಸೋಮ್ ತಾಮ್. ಸೀಗಡಿ ಕಾಣದಿದ್ದರೂ ಅದರಲ್ಲಿ ನಾಮ್ ಪ್ಲಾ ಇರುತ್ತದೆ. ನಾಮ್ ಅಂದರೆ ನೀರು, ಪ್ಲಾ ಅಂದರೆ ಮೀನು. ಸಣ್ಣ ಮೀನಿಗೆ ಉಪ್ಪು ಹಾಕಿ ತಿಂಗಳುಗಟ್ಟಲೆ ಹುದುಗಿಸಿ ತೆಗೆದ ರಸ ಅದು. ನಮಗೆ ಉಪ್ಪು ಹೇಗೋ ಅಲ್ಲಿಯವರಿಗೆ ಅದು ಹಾಗೆ. ಉಪ್ಪನ್ನು ಯಾರಾದರೂ ಮಾಂಸ ಅನ್ನುತ್ತಾರೆಯೇ? ಹಾಗಾಗಿ ಆಕೆ ಸುಳ್ಳು ಹೇಳಿರಲಿಲ್ಲ, ಕೇಳುವ ರೀತಿ ನನಗೇ ಗೊತ್ತಿರಲಿಲ್ಲ. ಸೊಪ್ಪು ಹುರಿದು ಕೊಡುವಲ್ಲೂ ಆಯ್ಸ್ಟರ್ ಸಾಸ್, ಅಂದರೆ ಸಮುದ್ರದ ಸಿಂಪಿ ಜೀವಿಯಿಂದ ಮಾಡಿದ ಸಾಸ್, ಬೀಳುತ್ತದೆ.

ಅವ್ವ ಆ ದಿನ ಎರಡು ಬಾಳೆಹಣ್ಣು ಬಿಟ್ಟು ಬೇರೇನೂ ಮುಟ್ಟಲಿಲ್ಲ. ಆದರೆ ರಾತ್ರಿ ಮಾತ್ರೆ ತಪ್ಪಿಸಲಿಲ್ಲ, ನಾನೂ ಗಮನಿಸಲಿಲ್ಲ. ನಡುರಾತ್ರಿ ಎರಡು ಗಂಟೆಗೆ ಮೈಯೆಲ್ಲ ಬೆವರು, ಕೈ ನಡುಕ, ಮಾತು ತೊದಲು. ಊಟವಿಲ್ಲದೆ ಮಾತ್ರೆ ನುಂಗಿದ್ದಕ್ಕೆ ರಕ್ತದಲ್ಲಿ ಸಕ್ಕರೆ ಇಳಿದಿತ್ತು. ರೂಮಿನಲ್ಲಿ ಚಹಾಕ್ಕೆ ಇಟ್ಟಿದ್ದ ಸಕ್ಕರೆ ಪೊಟ್ಟಣಗಳನ್ನೆಲ್ಲ ನೀರಲ್ಲಿ ಕದಡಿ ಕುಡಿಸಿದೆವು. ಕಾಲು ಗಂಟೆಯ ಮೇಲೆ ಕಣ್ಣು ತಿಳಿಯಾದವು. ಆ ಕಾಲು ಗಂಟೆ ನೆನಪಾದರೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಬೆಳಿಗ್ಗೆ ನಮ್ಮ ಡಾಕ್ಟರಿಗೆ ಫೋನ್ ಮಾಡಿ, ಊಟ ತಪ್ಪಿದ ಹೊತ್ತು ಮಾತ್ರೆಯನ್ನು ಏನು ಮಾಡಬೇಕು ಅಂತ ಕೇಳಿ ಬರೆದಿಟ್ಟುಕೊಂಡೆ. ಇದನ್ನು ಊರು ಬಿಡುವ ಮೊದಲೇ ಕೇಳಬೇಕಿತ್ತು.

ಮೂರನೇ ದಿನ ಚೈನಾಟೌನ್ ಆದ ಯಾವರಾತ್ ರಸ್ತೆಗೆ ಹೋದೆವು. ಬಂದಾಗಿನಿಂದ ಎಲ್ಲೆಲ್ಲೂ ಹಳದಿ ಬಾವುಟ ನೋಡುತ್ತಿದ್ದೆವು, ಅದರ ಮೇಲೆ ಕೆಂಪಗೆ 17 ಅಂತ ಬರೆದಂತೆ ಕಾಣುವ ಅಕ್ಷರ. ಯಾವುದೋ ಸೇಲ್ ಇರಬೇಕು ಅಂದುಕೊಂಡಿದ್ದೆ. ಒಂದು ಅಂಗಡಿಯ ವಯಸ್ಸಾದ ಹೆಂಗಸು ಅವ್ವನ ಬಿಳಿ ಸೀರೆ, ಹಣೆಯ ವಿಭೂತಿ ನೋಡಿ ಎದ್ದು ನಿಂತು ಕೈಮುಗಿದಳು. ‘ಜೇ?’ ಅಂದಳು. ಬಾವುಟ ತೋರಿಸಿದಳು, ತನ್ನ ಬಿಳಿ ಅಂಗಿ ತೋರಿಸಿದಳು, ಮತ್ತೆ ಅವ್ವನ ಸೀರೆ ತೋರಿಸಿದಳು.

ಅದು ಸಂಖ್ಯೆಯಲ್ಲ, ಜೇ ಅನ್ನುವ ಥಾಯ್ ಬರಹ. ಜೇ ಅಂದರೆ ಚೀನೀ ಮೂಲದ ಜನ ವರ್ಷಕ್ಕೊಮ್ಮೆ ಒಂಬತ್ತು ದಿನ ನಡೆಸುವ ವ್ರತ, ಆ ವ್ರತದ ಊಟ. ಬಿಳಿ ಬಟ್ಟೆ ಉಟ್ಟು ಮಾಂಸ, ಮೀನು, ಮೊಟ್ಟೆ, ಹಾಲು ಎಲ್ಲ ಬಿಡುತ್ತಾರೆ. ಆ ವರ್ಷ ಅದು ನಮ್ಮ ನವರಾತ್ರಿಯ ದಿನವೇ, ಅಕ್ಟೋಬರ್ 3ಕ್ಕೆ ಶುರುವಾಗಿತ್ತು. ಅವ್ವ ಉಪವಾಸ ಮಲಗಿದ್ದ ಹೋಟೆಲಿನ ಎದುರು ಅಂಗಡಿಗೂ ಅದೇ ಬಾವುಟ ಕಟ್ಟಿದ್ದರು.

ಅಲ್ಲಿಂದ ಮುಂದೆ ಹಾದಿ ಸಲೀಸಾಯಿತು. ‘ಕಿನ್ ಜೇ’ ಅಂದರೆ ಜೇ ಉಣ್ಣುತ್ತೇವೆ ಅಂತ. ‘ಮಾಯ್ ಸಾಯ್ ನಾಮ್ ಪ್ಲಾ’ ಅಂದರೆ ಮೀನಿನ ರಸ ಹಾಕಬೇಡಿ. ಹೋಟೆಲಿನ ಹುಡುಗಿಯಿಂದ ಎರಡನ್ನೂ ಥಾಯ್ ಲಿಪಿಯಲ್ಲಿ ಬರೆಸಿಕೊಂಡು, ಆರ್ಡರ್ ಕೊಡುವಾಗಲ್ಲ, ಕೂರುವ ಮೊದಲೇ ತೋರಿಸುತ್ತಿದ್ದೆ. ಸಸ್ಯಾಹಾರಕ್ಕೆ ಇನ್ನೊಂದು ಶಬ್ದ ‘ಮಾಂಗ್ಸಾವಿರಾತ್’. ನಾಲ್ಕು ಸಲ ಬಾಯಲ್ಲಿ ಹೊರಳಿಸಿದ ಮೇಲೆ ಹೊಳೆಯಿತು, ಅದು ನಮ್ಮ ‘ಮಾಂಸ ವಿರತಿ’! ಆದರೆ ಅದರಲ್ಲಿ ಮೊಟ್ಟೆ ಬರಬಹುದು, ಅವ್ವನಂಥವರಿಗೆ ಜೇ ಅನ್ನುವುದೇ ಸರಿ. ಹಿಟ್ಟಿನಿಂದ ಬಾತುಕೋಳಿಯ ತುಂಡಿನಂತೆ ಮಾಡಿದ್ದನ್ನೂ ಆ ಅಂಗಡಿಗಳಲ್ಲಿ ಇಟ್ಟಿರುತ್ತಾರೆ, ನೋಡಿ ಗಾಬರಿ ಬೀಳಬೇಡಿ.

ಆಮೇಲೆ ದಿನವೂ ಆ ಅಜ್ಜಿಯ ಅಂಗಡಿಗೇ ಹೋದೆವು. ಅನ್ನ, ತೋಫು, ಅಣಬೆ, ಎಲೆಕೋಸು. ನಮ್ಮ ನಾಲಿಗೆಗೆ ಸಪ್ಪೆ. ಅವ್ವ ಚೀಲದಿಂದ ಶೇಂಗಾ ಹಿಂಡಿ ತೆಗೆದು ತಟ್ಟೆಯ ಅಂಚಿಗೆ ಹಾಕಿಕೊಂಡು ಹೊಟ್ಟೆ ತುಂಬ ಉಣ್ಣುತ್ತಿದ್ದಳು. ಅಜ್ಜಿ ದೂರದಿಂದ ನೋಡುತ್ತಿದ್ದಳು, ಏನೂ ಅನ್ನುತ್ತಿರಲಿಲ್ಲ.

ಎರಡು ದಿನ ಕಳೆದ ಮೇಲೆ ನನ್ನ ಮಗಳು ಫೋನಿನಲ್ಲಿ ಓದಿ ಹೇಳಿದಳು: ಜೇ ವ್ರತದಲ್ಲಿ ಬೆಳ್ಳುಳ್ಳಿ, ಈರುಳ್ಳಿಯೂ ನಿಷಿದ್ಧ, ಪಾತ್ರೆಗಳನ್ನೂ ಬೇರೆ ಇಡುತ್ತಾರೆ. ನಮ್ಮ ಹಿಂಡಿಯಲ್ಲಿ ಶೇಂಗಾದ ಸಮಕ್ಕೆ ಬಳ್ಳೊಳ್ಳಿ ಬಿದ್ದಿರುತ್ತದೆ. ಅವ್ವ ಸುಮಾರು ಹೊತ್ತು ಸುಮ್ಮನೆ ಕೂತಳು. ‘ಅಕಿ ತಟ್ಟಿ ನಾ ಮೈಲಿಗಿ ಮಾಡಿದೆನಲ್ಲೋ. ಆ ಸೀಗಡಿ ಕಂಡಾಗ ನನಗ ಹೆಂಗಾಗಿತ್ತು’ ಅಂದಳು.

ಮರುದಿನ ಹಿಂಡಿಯ ಡಬ್ಬಿ ರೂಮಿನಲ್ಲೇ ಉಳಿಯಿತು. ಅವ್ವ ಸಪ್ಪೆ ಅನ್ನ ಪೂರ್ತಿ ಉಂಡಳು, ಎದ್ದು ತನ್ನ ತಟ್ಟೆ ತಾನೇ ತೊಳೆದಳು. ಅಜ್ಜಿ ಬೇಡ ಬೇಡ ಅಂತ ಓಡಿ ಬಂದಳು. ಅವ್ವ ತಟ್ಟೆ ಬಿಡಲಿಲ್ಲ. ಎರಡು ಸಲ ಉಜ್ಜಿ, ನೀರು ಬಸಿದು, ಎರಡೂ ಕೈಯಲ್ಲಿ ಹಿಡಿದು ಆಕೆಗೆ ಕೊಟ್ಟಳು.