ಈ ಮೌಲ್ಯ ಎಲ್ಲಿಂದ ಬಂತು? ದೊಡ್ಡ ತಂತ್ರಾಂಶಗಳಲ್ಲಿ ಸೆಟ್ಟಿಂಗ್‌ಗಳ ನಿರ್ವಹಣೆ

ಸೆಟ್ಟಿಂಗ್‌ಗಳನ್ನು ಬರೆದಿಡುವ ಕಾನ್ಫಿಗರೇಶನ್ ಕಡತದಲ್ಲಿ ಟೈಮ್‌ಔಟ್ (ಉತ್ತರಕ್ಕಾಗಿ ಕಾಯುವ ಗರಿಷ್ಠ ಸಮಯ) 30 ಸೆಕೆಂಡ್ ಎಂದು ಸ್ಪಷ್ಟವಾಗಿ ಬರೆದಿರುತ್ತದೆ, ಆದರೆ ಓಡುತ್ತಿರುವ ಪ್ರೋಗ್ರಾಮ್ 5 ಸೆಕೆಂಡಿಗೇ ಸಂಪರ್ಕವನ್ನು ಕಡಿದುಹಾಕುತ್ತಿರುತ್ತದೆ. ಹತ್ತಾರು ಸೇವೆಗಳು ಸೇರಿ ನಡೆಯುವ ತಂತ್ರಾಂಶವನ್ನು ನೋಡಿಕೊಳ್ಳುವವರಿಗೆ ಈ ಗೊಂದಲ ಹೊಸದೇನಲ್ಲ. ಆ ಕಡತಕ್ಕಿಂತ ಹೆಚ್ಚಿನ ಆದ್ಯತೆಯಿರುವ ಇನ್ನಾವುದೋ ಜಾಗದಲ್ಲಿ ಅದೇ ಹೆಸರಿಗೆ ಬೇರೊಂದು ಮೌಲ್ಯ ಕೂತಿರುತ್ತದೆ. ಯಾವಾಗ ಕೇಳಿದರೂ ‘ಈ ಮೌಲ್ಯ ಎಲ್ಲಿಂದ ಬಂತು’ ಎಂಬ ಪ್ರಶ್ನೆಗೆ ಒಂದೆರಡು ನಿಮಿಷದಲ್ಲಿ ಉತ್ತರ ಸಿಗುವಂತೆ ವ್ಯವಸ್ಥೆಯನ್ನು ಕಟ್ಟಿಕೊಂಡರೆ, ಸೆಟ್ಟಿಂಗ್‌ಗಳ ನಿರ್ವಹಣೆಯ ಬಹುಪಾಲು ಕೆಲಸ ಮುಗಿದಂತೆಯೇ ಎಂಬುದು ನನ್ನ ಅಭಿಪ್ರಾಯ.

ಮೊದಲು ಯಾವುದು ಸೆಟ್ಟಿಂಗ್, ಯಾವುದು ಕೋಡ್ ಎಂಬುದನ್ನು ಬೇರ್ಪಡಿಸಬೇಕು. ಪರೀಕ್ಷಾ ಸರ್ವರಿನಿಂದ ಗ್ರಾಹಕರ ಸರ್ವರಿಗೆ ಹೋಗುವಾಗ ಬದಲಾಗುವ ಡೇಟಾಬೇಸ್ ವಿಳಾಸ, ಪಾಸ್‌ವರ್ಡ್, ಸಂಪರ್ಕಗಳ ಮಿತಿ ಮೊದಲಾದವು ಸೆಟ್ಟಿಂಗ್‌ಗಳು. ಎಲ್ಲ ಕಡೆಯೂ ಒಂದೇ ಆಗಿರುವಂಥದ್ದು ಕೋಡಿನೊಳಗೇ ಇರಲಿ. ಅಪ್ಲಿಕೇಶನ್‌ಗಳನ್ನು ಓಡಿಸಿಕೊಡುವ ಕ್ಲೌಡ್ ಸೇವೆ ಹೆರೋಕುವಿನ ತಂಡದಿಂದ ಬಂದ ‘ಟ್ವೆಲ್ವ್ ಫ್ಯಾಕ್ಟರ್’ ಸೂತ್ರಗಳು ಇದಕ್ಕೊಂದು ಸುಲಭ ಪರೀಕ್ಷೆಯನ್ನು ಹೇಳುತ್ತವೆ: ನಿಮ್ಮ ಕೋಡನ್ನು ಈ ಕ್ಷಣವೇ ಸಾರ್ವಜನಿಕವಾಗಿ ತೆರೆದಿಟ್ಟರೆ ಯಾವ ಗುಟ್ಟೂ ಹೊರಬೀಳಬಾರದು. ಮುಂದೆಂದಾದರೂ ಬೇಕಾದೀತು ಎಂದು ಎಲ್ಲವನ್ನೂ ಸೆಟ್ಟಿಂಗ್ ಮಾಡುವ ಅಭ್ಯಾಸವೂ ಒಳ್ಳೆಯದಲ್ಲ, ಏಕೆಂದರೆ ಹೌದು–ಅಲ್ಲ ಎಂಬ ಎರಡೇ ಆಯ್ಕೆಯ ಹತ್ತು ಸೆಟ್ಟಿಂಗ್‌ಗಳು ಸೇರಿದರೆ 1,024 ಸಂಯೋಜನೆಗಳಾಗುತ್ತವೆ ಮತ್ತು ಅಷ್ಟನ್ನೂ ಯಾರೂ ಪರೀಕ್ಷಿಸುವುದಿಲ್ಲ.

ಎರಡನೆಯದಾಗಿ, ಆದ್ಯತೆಯ ಕ್ರಮವನ್ನು ಬರೆದಿಡಿ. ಕೋಡಿನಲ್ಲಿರುವ ಡಿಫಾಲ್ಟ್ ಮೌಲ್ಯ, ಅದರ ಮೇಲೆ ಕಡತ, ಕಡತದ ಮೇಲೆ ಎನ್ವಿರಾನ್‌ಮೆಂಟ್ ವೇರಿಯಬಲ್ (ಆಪರೇಟಿಂಗ್ ಸಿಸ್ಟಮ್ ಪ್ರೋಗ್ರಾಮಿಗೆ ಒದಗಿಸುವ ಹೆಸರು–ಮೌಲ್ಯದ ಜೋಡಿ), ಎಲ್ಲಕ್ಕಿಂತ ಮೇಲೆ ಕಮಾಂಡ್ ಲೈನ್ (ಪ್ರೋಗ್ರಾಮನ್ನು ಆರಂಭಿಸುವ ಆದೇಶದಲ್ಲೇ ಕೊಡುವ ಮೌಲ್ಯ) ಎಂಬುದು ಸಾಮಾನ್ಯ ರೂಢಿ. ಜಾವಾ ಭಾಷೆಯ ಸ್ಪ್ರಿಂಗ್ ಬೂಟ್ ಚೌಕಟ್ಟು ಕೂಡ ಸ್ಥೂಲವಾಗಿ ಇದೇ ಕ್ರಮವನ್ನು ಪಾಲಿಸುತ್ತದೆ.

ಈ ಕ್ರಮ ನೆನಪಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಪೋಸ್ಟ್‌ಗ್ರೆಸ್ ಡೇಟಾಬೇಸಿನಷ್ಟು ಒಳ್ಳೆಯ ಉದಾಹರಣೆ ಇನ್ನೊಂದಿಲ್ಲ. ಅದರಲ್ಲಿ ನಾವು ಕೈಯಾರೆ ತಿದ್ದುವ ಮುಖ್ಯ ಕಡತ ಒಂದಿದ್ದರೆ, ‘ಆಲ್ಟರ್ ಸಿಸ್ಟಮ್’ ಎಂಬ ಆದೇಶ ಕೊಟ್ಟಾಗ ಡೇಟಾಬೇಸ್ ತಾನಾಗಿಯೇ ಬರೆಯುವ ‘ಆಟೋ’ ಕಡತ ಇನ್ನೊಂದಿದೆ, ಮತ್ತು ಈ ಎರಡನೆಯದನ್ನು ಅದು ಕೊನೆಯಲ್ಲಿ ಓದುವುದರಿಂದ ಅಲ್ಲಿರುವುದೇ ಗೆಲ್ಲುತ್ತದೆ. ಆರು ತಿಂಗಳ ಹಿಂದೆ ಯಾರೋ ಅವಸರದಲ್ಲಿ ಆ ಆದೇಶ ಕೊಟ್ಟಿದ್ದರೆ, ಇಂದು ನೀವು ಮುಖ್ಯ ಕಡತವನ್ನು ಎಷ್ಟು ತಿದ್ದಿದರೂ ಆ ಮೌಲ್ಯ ಅಲುಗಾಡುವುದಿಲ್ಲ. ಇವೆರಡರ ಮೇಲೆ ಒಂದು ಡೇಟಾಬೇಸಿಗೆ ಮಾತ್ರ, ಒಬ್ಬ ಬಳಕೆದಾರನಿಗೆ ಮಾತ್ರ, ಒಂದು ಸಂಪರ್ಕಕ್ಕೆ ಮಾತ್ರ ಅನ್ವಯಿಸುವ ಪದರಗಳೂ ಇವೆ. ಇಷ್ಟಾದರೂ ಪೋಸ್ಟ್‌ಗ್ರೆಸ್ ನಿಭಾಯಿಸಲು ಆಗುವುದು ‘ಪಿಜಿ ಸೆಟ್ಟಿಂಗ್ಸ್’ ಎಂಬ ಕೋಷ್ಟಕದಿಂದ: ಪ್ರತಿ ಮೌಲ್ಯದ ಮೂಲ ಯಾವುದು, ಯಾವ ಕಡತದ ಎಷ್ಟನೆಯ ಸಾಲು, ಬದಲಾವಣೆ ಜಾರಿಗೆ ಬರಲು ರೀಸ್ಟಾರ್ಟ್ ಬಾಕಿ ಇದೆಯೇ ಎಂಬುದನ್ನೆಲ್ಲ ಅದು ಹೇಳುತ್ತದೆ. ಅದು ತೋರಿಸುವುದು ನಿಮ್ಮ ಸಂಪರ್ಕಕ್ಕೆ ಅನ್ವಯಿಸುವ ಮೌಲ್ಯವನ್ನು ಎಂಬುದನ್ನು ಮಾತ್ರ ಮರೆಯಬೇಡಿ. ಅಪ್ಲಿಕೇಶನ್ ಬಳಸುವ ಹೆಸರಿನಲ್ಲಿಯೇ ಲಾಗಿನ್ ಆಗಿ ನೋಡದಿದ್ದರೆ ಬೇರೆಯದೇ ಉತ್ತರ ಸಿಗಬಹುದು. ಕೋಡಿನ ಬದಲಾವಣೆಗಳ ಇತಿಹಾಸವನ್ನು ಇಡುವ ಗಿಟ್‌ನಲ್ಲಿಯೂ ಪ್ರತಿ ಸೆಟ್ಟಿಂಗ್ ಯಾವ ಕಡತದಿಂದ ಬಂತೆಂದು ತೋರಿಸುವ ‘ಶೋ ಒರಿಜಿನ್’ ಆಯ್ಕೆ ಇದೆ. ನಿಮ್ಮ ಅಪ್ಲಿಕೇಶನ್ನಿಗೂ ಇಂಥದ್ದೊಂದನ್ನು ಬರೆದುಕೊಳ್ಳಿ: ಅದು ಆರಂಭವಾಗುವಾಗ ಪ್ರತಿ ಸೆಟ್ಟಿಂಗಿನ ಹೆಸರು, ಮೌಲ್ಯ ಮತ್ತು ಮೂಲವನ್ನು ಲಾಗ್‌ಗೆ ಬರೆಯಲಿ, ಗುಟ್ಟಿನ ಮೌಲ್ಯಗಳಿಗೆ ಮಾತ್ರ ಚುಕ್ಕಿಗಳನ್ನು ಹಾಕಲಿ.

ಮೌಲ್ಯದ ಬಗೆ ಮತ್ತು ಅಳತೆಯ ವಿಷಯದಲ್ಲಿ ಬೀಳುವ ಏಟುಗಳು ಹೆಚ್ಚಾಗಿ ಸದ್ದಿಲ್ಲದೆ ಬೀಳುತ್ತವೆ. ಪೋಸ್ಟ್‌ಗ್ರೆಸ್‌ನ ‘ಶೇರ್ಡ್ ಬಫರ್ಸ್’ ಸೆಟ್ಟಿಂಗಿಗೆ ಬರಿಯ 256 ಎಂದು ಬರೆದವರು 256 ಎಂಬಿ ಸಿಕ್ಕಿತೆಂದುಕೊಂಡರೆ, ಡೇಟಾಬೇಸ್ ಅದನ್ನು 8 ಕೆಬಿಯ 256 ಬ್ಲಾಕ್‌ಗಳೆಂದು ಓದಿಕೊಂಡು ಕೇವಲ 2 ಎಂಬಿ ಕೊಡುತ್ತದೆ. ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಬರುವುದೆಲ್ಲವೂ ಬರಿಯ ಅಕ್ಷರಗಳೇ ಆದ್ದರಿಂದ, ‘ಫಾಲ್ಸ್’ ಎಂಬ ಪದವನ್ನು ಪೈಥಾನ್‌ನಲ್ಲಿ ನೇರವಾಗಿ ಬೂಲಿಯನ್ (ಹೌದು–ಅಲ್ಲ ಎಂಬ ಬಗೆ) ಮಾಡಿದರೆ ಅದು ‘ಟ್ರೂ’ ಆಗುತ್ತದೆ. ಕಾನ್ಫಿಗರೇಶನ್ ಕಡತಗಳನ್ನು ಬರೆಯಲು ಬಳಸುವ ‘ಯಾಮಲ್’ ಎಂಬ ಬರವಣಿಗೆಯ ಕ್ರಮದ 1.1 ಆವೃತ್ತಿಯ ನಿಯಮಗಳು ಇನ್ನೂ ವಿಚಿತ್ರ: ನಾರ್ವೆ ದೇಶದ ಎರಡಕ್ಷರದ ಸಂಕೇತ ‘ಎನ್ಒ’ ಅಲ್ಲಿ ‘ಇಲ್ಲ’ ಎಂದಾಗುತ್ತದೆ. ನಮ್ಮ ಊರುಗಳ ಎಸ್‌ಟಿಡಿ ಸಂಕೇತಗಳನ್ನೇ ಉದ್ಧರಣ ಚಿಹ್ನೆಯಿಲ್ಲದೆ ಬರೆದು, ಯಾಮಲ್ ಓದುವ ಪೈಥಾನ್ ಲೈಬ್ರರಿ ಪೈಯಾಮಲ್‌ನಿಂದ ಓದಿಸಿ ನೋಡಿ. ಸೊನ್ನೆಯಿಂದ ಆರಂಭವಾಗುವ ಸಂಖ್ಯೆಯನ್ನು ಅದು ಅಷ್ಟಮಾನ ಪದ್ಧತಿಯದೆಂದು ತಿಳಿಯುವುದರಿಂದ ಚೆನ್ನೈನ 044 ಎಂಬುದು 36 ಆಗಿಬಿಡುತ್ತದೆ, ಆದರೆ ಬೆಂಗಳೂರಿನ 080 ಮಾತ್ರ ಆ ಪದ್ಧತಿಯಲ್ಲಿ ಎಂಟು ಎಂಬ ಅಂಕಿಯೇ ಇಲ್ಲದ ಕಾರಣ ಹಾಗೆಯೇ ಉಳಿಯುತ್ತದೆ. ಬೆಂಗಳೂರಿನಲ್ಲಿ ಪರೀಕ್ಷಿಸಿದವರಿಗೆ ಈ ದೋಷ ಕಾಣುವುದೇ ಇಲ್ಲ! ಆದ್ದರಿಂದ ಪ್ರತಿ ಸೆಟ್ಟಿಂಗಿಗೂ ಬಗೆ, ಅಳತೆ, ಕನಿಷ್ಠ ಮತ್ತು ಗರಿಷ್ಠ ಮಿತಿಗಳನ್ನು ಕೋಡಿನಲ್ಲಿ ಒಂದೇ ಕಡೆ ಘೋಷಿಸಿ, ಹೆಸರಿನಲ್ಲೇ ‘ಟೈಮ್‌ಔಟ್ ಸೆಕೆಂಡ್ಸ್’ ಎಂಬಂತೆ ಅಳತೆಯನ್ನು ಸೇರಿಸಿ, ಆರಂಭದಲ್ಲೇ ಎಲ್ಲವನ್ನೂ ಪರಿಶೀಲಿಸಿ. ತಪ್ಪಿದ್ದರೆ ಪ್ರೋಗ್ರಾಮ್ ಏಳಲೇಬಾರದು. ಗೊತ್ತಿಲ್ಲದ ಹೆಸರು ಕಂಡರೂ ಅದು ನಿಲ್ಲಬೇಕು, ಏಕೆಂದರೆ ಕಾಗುಣಿತ ತಪ್ಪಿದ ಸೆಟ್ಟಿಂಗನ್ನು ಮೌನವಾಗಿ ಬದಿಗಿಟ್ಟು ಡಿಫಾಲ್ಟ್ ಬಳಸುವ ಪ್ರೋಗ್ರಾಮ್ ಮುಂದೊಂದು ದಿನ ನಿಮ್ಮ ರಾತ್ರಿಯ ನಿದ್ದೆ ಕೆಡಿಸುತ್ತದೆ.

ಗುಟ್ಟುಗಳ ಬಗ್ಗೆ ಎರಡೇ ಮಾತು. ಅನೇಕ ಸರ್ವರ್‌ಗಳ ಮೇಲೆ ಅಪ್ಲಿಕೇಶನ್‌ಗಳನ್ನು ಓಡಿಸುವ ಕುಬರ್ನೆಟಿಸ್ ವ್ಯವಸ್ಥೆಯ ಸೀಕ್ರೆಟ್‌ಗಳಲ್ಲಿ (ಗುಟ್ಟಿನ ಮೌಲ್ಯಗಳನ್ನು ಇಡುವ ಜಾಗ) ಕಾಣುವ ‘ಬೇಸ್‌64’ ಬರಹ ಗೂಢಲಿಪಿಯಲ್ಲ, ಅದನ್ನು ಯಾರು ಬೇಕಾದರೂ ಬಿಡಿಸಿಕೊಳ್ಳಬಹುದು. ಗಿಟ್‌ಗೆ ಒಮ್ಮೆ ಸೇರಿದ ಪಾಸ್‌ವರ್ಡನ್ನು ಮುಂದಿನ ಕಮಿಟ್‌ನಲ್ಲಿ (ದಾಖಲಿಸುವ ಬದಲಾವಣೆಯಲ್ಲಿ) ಅಳಿಸಿದರೂ ಇತಿಹಾಸದಲ್ಲಿ ಉಳಿಯುವುದರಿಂದ, ಆ ಪಾಸ್‌ವರ್ಡನ್ನೇ ಬದಲಾಯಿಸಬೇಕು.

ಬದಲಾವಣೆ ಯಾವಾಗ ಜಾರಿಗೆ ಬರುತ್ತದೆ ಎಂಬುದನ್ನೂ ಪ್ರತಿ ಸೆಟ್ಟಿಂಗಿನ ಪಕ್ಕದಲ್ಲಿ ಬರೆದಿಡುವುದು ಲೇಸು. ಕುಬರ್ನೆಟಿಸ್‌ನಲ್ಲಿ ಸೆಟ್ಟಿಂಗ್‌ಗಳನ್ನು ಇಡುವ ಕಾನ್ಫಿಗ್‌ಮ್ಯಾಪನ್ನು ಅಪ್ಲಿಕೇಶನ್ನಿಗೆ ಕಡತವಾಗಿ ಕಾಣುವಂತೆ ಮೌಂಟ್ ಮಾಡಿದ್ದರೆ ಹೊಸ ಮೌಲ್ಯ ಸ್ವಲ್ಪ ಹೊತ್ತಿನಲ್ಲಿ ತಲುಪುತ್ತದೆ. ಎನ್ವಿರಾನ್‌ಮೆಂಟ್ ವೇರಿಯಬಲ್ ಆಗಿ ಕೊಟ್ಟಿದ್ದರೆ ಪಾಡ್ (ಅಪ್ಲಿಕೇಶನ್ ಓಡುವ ಘಟಕ) ಮತ್ತೆ ಆರಂಭವಾಗುವವರೆಗೆ ಹಳೆಯದೇ ಉಳಿಯುತ್ತದೆ. ‘ಸಬ್‌ಪಾತ್’ ಮೂಲಕ, ಅಂದರೆ ಒಳಗಿನ ಒಂದು ಕಡತವನ್ನಷ್ಟೇ ಆರಿಸಿ, ಮೌಂಟ್ ಮಾಡಿದ್ದರೂ ಇದೇ ಗತಿ. ಹೀಗಾಗಿ ಕಾನ್ಫಿಗ್‌ಮ್ಯಾಪಿನ ಚೆಕ್‌ಸಮ್ಮನ್ನು (ಒಳಗಿನ ಮೌಲ್ಯ ಬದಲಾದರೆ ತಾನೂ ಬದಲಾಗುವ ಗುರುತು) ಪಾಡ್ ಟೆಂಪ್ಲೇಟಿನ ಆನೊಟೇಶನ್ ಎಂಬ ಟಿಪ್ಪಣಿಯಲ್ಲಿ ಸೇರಿಸುವುದು ಉಪಯುಕ್ತ ಉಪಾಯ. ಮೌಲ್ಯ ಬದಲಾದೊಡನೆ ಪಾಡ್‌ಗಳು ಒಂದೊಂದಾಗಿ ಹೊಸದಾಗುತ್ತವೆ.

ಕೊನೆಯದು, ಬಳಕೆ ತಪ್ಪಿದ ಸೆಟ್ಟಿಂಗ್‌ಗಳನ್ನು ತೆಗೆಯುವ ಕೆಲಸ. ಅಮೆರಿಕದ ಷೇರು ವಹಿವಾಟು ಸಂಸ್ಥೆ ನೈಟ್ ಕ್ಯಾಪಿಟಲ್ 2012ರ ಆಗಸ್ಟ್ 1ರಂದು ಸುಮಾರು 45 ನಿಮಿಷಗಳಲ್ಲಿ 44 ಕೋಟಿ ಡಾಲರ್‌ಗೂ ಹೆಚ್ಚು ಕಳೆದುಕೊಂಡದ್ದರ ಹಿಂದೆ ಇದೇ ಇತ್ತು: ಹಳೆಯ ಫ್ಲ್ಯಾಗ್ (ಒಂದು ಕೆಲಸವನ್ನು ಆನ್ ಅಥವಾ ಆಫ್ ಮಾಡುವ ಸೆಟ್ಟಿಂಗ್) ಒಂದನ್ನು ಹೊಸ ಕೆಲಸಕ್ಕೆ ಮರುಬಳಸಲಾಯಿತು, ಎಂಟು ಸರ್ವರ್‌ಗಳಲ್ಲಿ ಒಂದಕ್ಕೆ ಹೊಸ ಕೋಡ್ ತಲುಪಿರಲಿಲ್ಲ, ಅಲ್ಲಿ ಆ ಫ್ಲ್ಯಾಗ್ ವರ್ಷಗಟ್ಟಲೆ ಮಲಗಿದ್ದ ಹಳೆಯ ಕೋಡನ್ನು ಎಬ್ಬಿಸಿತು. ಆದ್ದರಿಂದ ಒಂದು ಹೆಸರನ್ನು ಎರಡನೆಯ ಅರ್ಥದಲ್ಲಿ ಎಂದೂ ಬಳಸಬೇಡಿ, ಮತ್ತು ಸೆಟ್ಟಿಂಗನ್ನು ಅದು ನಿಯಂತ್ರಿಸುವ ಕೋಡಿನ ಸಮೇತ ತೆಗೆದುಹಾಕಿ. ತೆಗೆದ ಮೇಲೆಯೂ ಒಂದೆರಡು ಆವೃತ್ತಿಗಳವರೆಗೆ ಹಳೆಯ ಹೆಸರು ಎಲ್ಲಾದರೂ ಕಂಡರೆ, ಅದರ ಬದಲು ಯಾವುದನ್ನು ಬಳಸಬೇಕೆಂದು ತಿಳಿಸಿ ಪ್ರೋಗ್ರಾಮ್ ಆರಂಭದಲ್ಲೇ ನಿಲ್ಲುವಂತೆ ಮಾಡಿ. ಯಾವ ಸರ್ವರಿಗೆ ಹೊಸ ಕಡತ ತಲುಪಿಲ್ಲ ಎಂಬುದು ಆಗ ಡಿಪ್ಲಾಯ್ ಮಾಡುವ (ಹೊಸ ಆವೃತ್ತಿಯನ್ನು ಸರ್ವರ್‌ಗಳಿಗೆ ಹಾಕುವ) ಹೊತ್ತಿನಲ್ಲೇ ಗೊತ್ತಾಗುತ್ತದೆ.